ಹೊಸಬರಿಗೆ ಮಾರ್ಗದರ್ಶಿ: ನ್ಯೂಜೆರ್ಸಿ ಶಾಲೆಗಳಲ್ಲಿ ಮಕ್ಕಳ ಮುಂದಿನ ಓದು, ಮುಂದಿನ ಕೆಲಸ

ನಮ್ಮೂರಲ್ಲಿ ಮಕ್ಕಳು ಮುಂದೆ ಏನು ಓದಬೇಕು ಅನ್ನೋ ಪ್ರಶ್ನೆ ಯಾವಾಗ ಬರುತ್ತದೆ ಅಂತ ಎಲ್ಲರಿಗೂ ಗೊತ್ತು. ಎಸ್ಸೆಸ್ಸೆಲ್ಸಿ ರಿಸಲ್ಟ್ ಬರುತ್ತದೆ, ಸೈನ್ಸಾ ಕಾಮರ್ಸಾ ಅಂತ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ, ಪಿಸಿಎಂಬಿ ತಗೊಂಡರೆ ಸಿಇಟಿ, ನೀಟ್. ಇಲ್ಲಿ ಅಂಥ ಒಂದು ದೊಡ್ಡ ದಿನ ಬರುವುದೇ ಇಲ್ಲ. ಆರನೇ, ಏಳನೇ ಗ್ರೇಡಿನಿಂದಲೇ ಸಣ್ಣ ಸಣ್ಣ ಫಾರಂಗಳಲ್ಲಿ, ಶಾಲೆಯ ಇಮೇಲ್‌ಗಳಲ್ಲಿ ತೀರ್ಮಾನಗಳು ಸದ್ದಿಲ್ಲದೆ ಆಗುತ್ತಾ ಹೋಗುತ್ತವೆ. ಹೊಸದಾಗಿ ಬಂದವರು "ಹತ್ತನೇ ಕ್ಲಾಸ್ ಬರಲಿ, ಆಮೇಲೆ ನೋಡೋಣ" ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ಕೆಲವು ಅವಕಾಶಗಳ ಗಡುವು ಮುಗಿದಿರುತ್ತದೆ. ಯಾವುದು ಯಾವಾಗ ಬರುತ್ತದೆ ಅಂತ ಮೊದಲೇ ತಿಳಿದಿದ್ದರೆ ಅರ್ಧ ಆತಂಕ ಕಡಿಮೆಯಾಗುತ್ತದೆ.

ಸೇರಿಸುವಾಗಲೇ ಗಣಿತದ ವಿಚಾರ ಕೇಳಿ

ಇಲ್ಲಿ ಗಣಿತ ಒಂದೇ ವಿಷಯವಲ್ಲ. ಆಲ್ಜಿಬ್ರಾ 1, ಜ್ಯಾಮಿಟ್ರಿ, ಆಲ್ಜಿಬ್ರಾ 2, ಪ್ರೀಕ್ಯಾಲ್ಕುಲಸ್, ಕ್ಯಾಲ್ಕುಲಸ್ ಅಂತ ವರ್ಷಕ್ಕೊಂದು. ಎಂಟನೇ ಗ್ರೇಡಿನಲ್ಲಿ ಆಲ್ಜಿಬ್ರಾ 1 ಮುಗಿಸಿದ ಮಗು ಹನ್ನೆರಡನೆಯದಕ್ಕೆ ಕ್ಯಾಲ್ಕುಲಸ್‌ಗೆ ಬರುತ್ತದೆ. ಒಂಬತ್ತರಲ್ಲಿ ಶುರು ಮಾಡಿದರೆ ಪ್ರೀಕ್ಯಾಲ್ಕುಲಸ್‌ಗೆ ನಿಲ್ಲುತ್ತದೆ. ಎಂಜಿನಿಯರಿಂಗ್ ಆಸೆ ಇರುವ ಮಕ್ಕಳಿಗೆ ಈ ವ್ಯತ್ಯಾಸ ದೊಡ್ಡದೇ. ಯಾವ ಮಗು ಯಾವ ಸಾಲಿಗೆ ಅನ್ನೋದು ಮಿಡಲ್ ಸ್ಕೂಲಿನಲ್ಲೇ ನಿರ್ಧಾರ ಆಗುತ್ತದೆ.

ನಮ್ಮ ಮಕ್ಕಳ ಮಾರ್ಕ್ಸ್ ಕಾರ್ಡಿನಲ್ಲಿ "ಗಣಿತ: 92" ಅಂತ ಮಾತ್ರ ಇರುತ್ತದೆ. ಅದರಲ್ಲಿ ಎಷ್ಟು ಬೀಜಗಣಿತ, ಎಷ್ಟು ರೇಖಾಗಣಿತ ಅಂತ ಇಲ್ಲಿನ ಆಫೀಸಿನವರಿಗೆ ಗೊತ್ತಾಗುವುದು ಹೇಗೆ? ಗೊತ್ತಾಗದಿದ್ದಾಗ ಸಾಧಾರಣ ತರಗತಿಗೆ ಹಾಕುತ್ತಾರೆ. ಹಾಗಾಗಿ ಹಿಂದಿನ ಎರಡು ವರ್ಷದ ಗಣಿತ ಪುಸ್ತಕಗಳನ್ನು, ಆಗದಿದ್ದರೆ ಪರಿವಿಡಿಯ ಪುಟಗಳ ಫೋಟೋಗಳನ್ನಾದರೂ ತನ್ನಿ. "ಪ್ಲೇಸ್‌ಮೆಂಟ್ ಟೆಸ್ಟ್ ಕೊಡಿ" ಅಂತ ಬರವಣಿಗೆಯಲ್ಲಿ ಕೇಳಿ. ಕೇಳುವುದು ತಪ್ಪಲ್ಲ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದರೆ ಟೆಸ್ಟಿನಲ್ಲಿ ಮಗು ತಿಣುಕಾಡಿದರೆ ಮೇಲಿನ ತರಗತಿಗೇ ಹಾಕಿ ಅಂತ ಹಟ ಮಾಡಬೇಡಿ. ಹೊಸ ದೇಶ, ಹೊಸ ಉಚ್ಚಾರಣೆ, ಹೊಸ ಗೆಳೆಯರು, ಇದರ ಜೊತೆ ಅರ್ಥವಾಗದ ಗಣಿತವೂ ಸೇರಿದರೆ ಮಗುವಿಗೆ ಶಾಲೆಯೇ ಬೇಡವಾಗುತ್ತದೆ. ಬೇಸಿಗೆ ಕೋರ್ಸ್ ತಗೊಂಡು, ಅಥವಾ ಹೈಸ್ಕೂಲಿನಲ್ಲಿ ಒಂದೇ ವರ್ಷ ಎರಡು ಗಣಿತ ತಗೊಂಡು ಸರಿದೂಗಿಸಲು ಹಲವು ಶಾಲೆಗಳು ಬಿಡುತ್ತವೆ.

ಕೌಂಟಿ ಶಾಲೆ: ಎಂಟನೇ ಗ್ರೇಡಿನ ಗಡುವು

ಹೊಸಬರು ಅತಿ ಹೆಚ್ಚು ತಪ್ಪಿಸಿಕೊಳ್ಳುವುದು ಇದನ್ನೇ. ನ್ಯೂಜೆರ್ಸಿಯಲ್ಲಿ 21 ಕೌಂಟಿಗಳಿವೆ, ನಮ್ಮ ಜಿಲ್ಲೆಗಳ ಥರ. ಟೌನ್ ಹೈಸ್ಕೂಲಿನ ಜೊತೆಗೆ ಕೌಂಟಿಯ ವೊಕೇಷನಲ್ ಶಾಲೆಗಳೂ ಇವೆ. ವೊಕೇಷನಲ್ ಅಂದ ಕೂಡಲೇ ನಮಗೆ ಐಟಿಐ ನೆನಪಾಗುತ್ತದೆ, "ಅದು ನಮ್ಮ ಮಕ್ಕಳಿಗಲ್ಲ" ಅಂತ ಆ ಇಮೇಲ್ ತೆರೆಯುವುದೇ ಇಲ್ಲ. ಆದರೆ ಹ್ಯಾಕೆನ್‌ಸ್ಯಾಕ್‌ನ ಬರ್ಗನ್ ಕೌಂಟಿ ಅಕಾಡೆಮೀಸ್, ಲಿಂಕ್ರಾಫ್ಟ್‌ನ ಹೈ ಟೆಕ್ನಾಲಜಿ ಹೈಸ್ಕೂಲ್, ಫ್ರೀಹೋಲ್ಡ್‌ನ ಬಯೋಟೆಕ್ನಾಲಜಿ ಹೈಸ್ಕೂಲ್ ಇವೆಲ್ಲ ಆಯಾ ಕೌಂಟಿಯ ವೊಕೇಷನಲ್ ಡಿಸ್ಟ್ರಿಕ್ಟಿನ (ಅಂದರೆ ಶಾಲಾ ಆಡಳಿತದ) ಶಾಲೆಗಳೇ. ಮಿಡಲ್‌ಸೆಕ್ಸ್ ಕೌಂಟಿಯವರಿಗೆ ಎಡಿಸನ್‌ನಲ್ಲಿ ಎಂಜಿನಿಯರಿಂಗ್ ಕಡೆಯದೊಂದು, ವುಡ್‌ಬ್ರಿಜ್‌ನಲ್ಲಿ ವೈದ್ಯಕೀಯ ಕಡೆಯದೊಂದು ಅಕಾಡೆಮಿ ಇದೆ. ಕೌಂಟಿಯಲ್ಲಿ ವಾಸವಿದ್ದರೆ ಫೀಸ್ ಇಲ್ಲ.

ಎಂಟನೇ ಗ್ರೇಡಿನ ಚಳಿಗಾಲದ ಹೊತ್ತಿಗೆ ಅರ್ಜಿ ಹೋಗಿರಬೇಕು. ದಿನಾಂಕ ಕೌಂಟಿಯಿಂದ ಕೌಂಟಿಗೆ ಬೇರೆ, ಆದ್ದರಿಂದ ಸೆಪ್ಟೆಂಬರ್‌ನಲ್ಲೇ ನಿಮ್ಮ ಕೌಂಟಿಯದನ್ನು ನೋಡಿಟ್ಟುಕೊಳ್ಳಿ. ಪ್ರವೇಶ ಪರೀಕ್ಷೆಯ ಜೊತೆ ಏಳನೇ ಗ್ರೇಡಿನ ಅಂಕಗಳನ್ನೂ ಲೆಕ್ಕಕ್ಕೆ ತಗೊಳ್ಳುವ ಶಾಲೆಗಳು ಜಾಸ್ತಿ. ಭಾರತದಿಂದ ಬಂದವರು ಆ ಮಾರ್ಕ್ಸ್ ಕಾರ್ಡ್ ಜೋಪಾನವಾಗಿ ಇಟ್ಟುಕೊಳ್ಳಿ.

ಇದೇ ಡಿಸ್ಟ್ರಿಕ್ಟುಗಳಲ್ಲಿ ಅಡುಗೆ, ವೆಲ್ಡಿಂಗ್, ಆಟೋ ರಿಪೇರಿ ಕೋರ್ಸುಗಳೂ ಇರುತ್ತವೆ. ಅರ್ಧ ದಿನ ಟೌನ್ ಶಾಲೆ, ಅರ್ಧ ದಿನ ಇಲ್ಲಿ ಅಂತ ಕಲಿಯುವ ಅವಕಾಶವೂ ಇದೆ. ನಿಮ್ಮ ಮಗನಿಗೆ ಕೈಕೆಲಸದಲ್ಲಿ ನಿಜವಾದ ಆಸಕ್ತಿ ಇದ್ದರೆ ಇದನ್ನು ಕೀಳು ಅಂದುಕೊಳ್ಳಬೇಡಿ. ಇಲ್ಲಿ ಎಲೆಕ್ಟ್ರಿಷಿಯನ್ ಆಗಲು ನಾಲ್ಕೈದು ವರ್ಷ ಸಂಬಳ ತಗೊಂಡು ಅಪ್ರೆಂಟಿಸ್ ಆಗಿ ಕಲಿಯುತ್ತಾರೆ. ಅದು ಗೌರವದ, ಒಳ್ಳೆ ಆದಾಯದ ಕೆಲಸ.

ಕೋರ್ಸ್ ಸೆಲೆಕ್ಷನ್ ಫಾರಂ

ಸಾಮಾನ್ಯವಾಗಿ ಜನವರಿ, ಫೆಬ್ರವರಿಯಲ್ಲಿ ಬರುತ್ತದೆ. ಜೆನೆಸಿಸ್ ಅಥವಾ ಪವರ್‌ಸ್ಕೂಲ್ ಪೋರ್ಟಲಿನಲ್ಲಿ ಮಗುವೇ ತುಂಬಿ, ನೀವು ಒಪ್ಪಿಗೆ ಒತ್ತಿದರೆ ಮುಗಿಯಿತು. ಐದು ನಿಮಿಷದ ಕೆಲಸ ಅನ್ನಿಸುತ್ತದೆ. ದಯವಿಟ್ಟು ಒಂದು ಸಂಜೆ ಇದಕ್ಕೇ ಇಡಿ. ಹೈಸ್ಕೂಲಿನ "ಪ್ರೋಗ್ರಾಂ ಆಫ್ ಸ್ಟಡೀಸ್" ಪುಸ್ತಿಕೆ ಶಾಲೆಯ ಸೈಟಿನಲ್ಲಿ ಇರುತ್ತದೆ. ಅದನ್ನು ಹಿಂದಿನಿಂದ ಓದಿ. ಹನ್ನೆರಡನೇ ಗ್ರೇಡಿನಲ್ಲಿ ಯಾವ ಕೋರ್ಸ್ ಬೇಕೋ ಅದಕ್ಕೆ ಮೊದಲು ಏನು ಮುಗಿಸಿರಬೇಕು, ಅದಕ್ಕೂ ಮೊದಲು ಏನು ಅಂತ ನೋಡುತ್ತಾ ಬಂದರೆ ಒಂಬತ್ತರಲ್ಲಿ ಏನು ತಗೋಬೇಕು ಅಂತ ತಾನಾಗಿ ಸಿಗುತ್ತದೆ.

ನ್ಯೂಜೆರ್ಸಿಯಲ್ಲಿ ಹೈಸ್ಕೂಲ್ ಮುಗಿಸಲು ಕನಿಷ್ಠ 120 ಕ್ರೆಡಿಟ್ (ಕೋರ್ಸ್ ಮುಗಿಸಿದ್ದಕ್ಕೆ ಸಿಗುವ ಲೆಕ್ಕ) ಬೇಕು. ಅದರಲ್ಲಿ ಹಣಕಾಸಿನ ತಿಳಿವಳಿಕೆಗೆ 2.5, ವೃತ್ತಿಗೆ ಸಂಬಂಧಿಸಿದ್ದಕ್ಕೆ 5, ಕಲೆಗೆ 5 ಕಡ್ಡಾಯ. ಅಂದರೆ ಇಲೆಕ್ಟಿವ್ (ಮಗುವೇ ಆರಿಸಿಕೊಳ್ಳುವ ವಿಷಯ) ಅನ್ನೋದು ಸುಮ್ನೆ ಟೈಮ್‌ಪಾಸ್ ಅಲ್ಲ. ಅನಾಟಮಿ ತಗೊಂಡ ಹುಡುಗಿಗೆ ಡಾಕ್ಟರ್ ಆಗುವುದು ಬೇಡ ಅನ್ನಿಸಿದರೆ ಒಂದು ವರ್ಷದಲ್ಲೇ, ಖರ್ಚಿಲ್ಲದೆ ಗೊತ್ತಾಯಿತು. ಕಾಲೇಜಿಗೆ ದುಡ್ಡು ಸುರಿದ ಮೇಲೆ ಗೊತ್ತಾಗುವುದಕ್ಕಿಂತ ಇದು ಎಷ್ಟೋ ಮೇಲು ಅಲ್ವಾ?

ಮಗುವಿಗೆ ಏನು ಇಷ್ಟ?

ಅಮೆರಿಕದ ಕಾರ್ಮಿಕ ಇಲಾಖೆಯ "ಮೈ ನೆಕ್ಸ್ಟ್ ಮೂವ್" ಸೈಟಿನಲ್ಲಿ ಉಚಿತವಾದ ಆಸಕ್ತಿ ಪರೀಕ್ಷೆ ಇದೆ, 60 ಪ್ರಶ್ನೆ. ಅಡುಗೆಮನೆಯ ಕಪಾಟು ಮಾಡುವುದು ಇಷ್ಟವೇ, ಇಟ್ಟಿಗೆ ಅಥವಾ ಟೈಲ್ಸ್ ಹಾಕುವುದು ಇಷ್ಟವೇ ಅಂತ ಶುರುವಾಗುತ್ತದೆ. ಪಕ್ಕದಲ್ಲಿ ಕೂತುಕೊಳ್ಳಿ, ಆದರೆ ಉತ್ತರ ಹೇಳಿಕೊಡಬೇಡಿ. "ಕಪಾಟು ಮಾಡೋದು ನಿಂಗ್ಯಾಕೆ" ಅಂತ ಒಂದು ಸಲ ಅಂದರೂ ಸಾಕು, ಉಳಿದ ಪ್ರಶ್ನೆಗಳಿಗೆ ಮಗು ನಿಮ್ಮ ಮುಖ ನೋಡಿಯೇ ಉತ್ತರ ಕೊಡುತ್ತದೆ. ಕೊನೆಗೆ ಬರುವ ಕೆಲಸಗಳ ಪಟ್ಟಿಯಿಂದ ಎರಡು ಮೂರನ್ನು ಆರಿಸಿ, "ಆಕ್ಯುಪೇಷನಲ್ ಔಟ್‌ಲುಕ್ ಹ್ಯಾಂಡ್‌ಬುಕ್" ಅನ್ನೋ ಸರ್ಕಾರಿ ಸೈಟಿನಲ್ಲಿ ಸಂಬಳ, ಬೇಕಾದ ಓದು, ಮುಂದಿನ ಬೇಡಿಕೆ ನೋಡಿ.

ಡಾಕ್ಟರ್ ಆಗಬೇಕು ಅನ್ನುವವರಿಗೆ ಒಂದು ಮಾತು. ಇಲ್ಲಿ ಪಿಯುಸಿ ಆದ ಮೇಲೆ ನೇರ ಎಂಬಿಬಿಎಸ್ ಅನ್ನೋ ದಾರಿ ಸಾಮಾನ್ಯವಲ್ಲ. ನಾಲ್ಕು ವರ್ಷ ಡಿಗ್ರಿ, ನಾಲ್ಕು ವರ್ಷ ಮೆಡಿಕಲ್, ಆಮೇಲೆ ಮೂರರಿಂದ ಏಳು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಆರೋಗ್ಯ ಕ್ಷೇತ್ರದಲ್ಲಿ ನರ್ಸಿಂಗ್, ಫಾರ್ಮಸಿ, ಫಿಸಿಕಲ್ ಥೆರಪಿ, ಎರಡು ವರ್ಷದ ಸರ್ಕಾರಿ ಕಮ್ಯುನಿಟಿ ಕಾಲೇಜಿನಲ್ಲೇ ಕಲಿಯಬಹುದಾದ ಡೆಂಟಲ್ ಹೈಜೀನ್ ಎಲ್ಲವೂ ಇವೆ. ಕಮ್ಯುನಿಟಿ ಕಾಲೇಜ್ ಅಂದರೆ ಮೂಗು ಮುರಿಯುವುದೂ ಬೇಡ. ಅಲ್ಲಿ ಅಸೋಸಿಯೇಟ್ ಡಿಗ್ರಿ ಮುಗಿಸಿ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಕ್ಕೆ ಹೋದರೆ ಕ್ರೆಡಿಟ್‌ಗಳನ್ನು ಒಪ್ಪಿಕೊಳ್ಳಬೇಕು ಅಂತ 2007ರಿಂದ ನ್ಯೂಜೆರ್ಸಿಯಲ್ಲಿ ಕಾನೂನೇ ಇದೆ.

ವೀಸಾ ವಿಚಾರ ಮಕ್ಕಳಿಂದ ಮುಚ್ಚಿಡಬೇಡಿ

ಎಚ್-4 ವೀಸಾದಲ್ಲಿರುವ (ಎಚ್-1ಬಿ ಕೆಲಸದ ವೀಸಾದವರ ಕುಟುಂಬಕ್ಕೆ ಸಿಗುವುದು) ಮಕ್ಕಳು ಸಂಬಳದ ಕೆಲಸ ಮಾಡುವಂತಿಲ್ಲ. ಐಸ್‌ಕ್ರೀಂ ಅಂಗಡಿಯಲ್ಲಿ ಬೇಸಿಗೆ ಕೆಲಸವೂ ಇಲ್ಲ, ಸಂಬಳದ ಇಂಟರ್ನ್‌ಶಿಪ್ಪೂ ಇಲ್ಲ. ಫೆಡರಲ್ ಸಹಾಯಧನ ಸಿಗುವುದಿಲ್ಲ. 21 ತುಂಬಿದರೆ ಎಚ್-4 ಮುಗಿಯುತ್ತದೆ, ಅದಕ್ಕೆ ಮೊದಲು ವಿದ್ಯಾರ್ಥಿ ವೀಸಾ ಅಥವಾ ಬೇರೆ ದಾರಿ ನೋಡಬೇಕು. ಗೆಳೆಯರೆಲ್ಲ ಹನ್ನೊಂದನೇ ಗ್ರೇಡಿನಲ್ಲಿ ಕೆಲಸಕ್ಕೆ ಹೋಗುವಾಗ ತನಗೆ ಮಾತ್ರ ಯಾಕಿಲ್ಲ ಅಂತ ಮಗು ಒಳಗೇ ನೊಂದುಕೊಳ್ಳುತ್ತದೆ. ಇದನ್ನು ಬೇರೆಯವರಿಂದ ಕೇಳುವ ಮೊದಲು ಒಂಬತ್ತನೇ ಗ್ರೇಡಿನಲ್ಲೇ ನೀವೇ ಕೂರಿಸಿಕೊಂಡು ಹೇಳಿ. ಲೈಬ್ರರಿ, ಆಸ್ಪತ್ರೆ, ಇಲ್ಲದವರಿಗೆ ಉಚಿತ ದಿನಸಿ ಕೊಡುವ ಫುಡ್ ಪ್ಯಾಂಟ್ರಿಗಳಲ್ಲಿ ನಿಜವಾದ ಸ್ವಯಂಸೇವೆ ಮಾಡಬಹುದು. ಖಾಸಗಿ ಕಂಪನಿ "ಸಂಬಳ ಇಲ್ಲದೆ ಬಾ" ಅಂದರೆ ಮಾತ್ರ ವಕೀಲರನ್ನು ಕೇಳದೆ ಒಪ್ಪಬೇಡಿ.

ಕೆಲಸ ಮಾಡಲು ಅರ್ಹತೆ ಇರುವ ಮಕ್ಕಳಿಗೆ 14 ವರ್ಷದಿಂದ ಅವಕಾಶ ಇದೆ. 18 ತುಂಬದವರಿಗೆ ವರ್ಕಿಂಗ್ ಪೇಪರ್ಸ್, ಅಂದರೆ ಕೆಲಸದ ಅನುಮತಿ ಪತ್ರ ಬೇಕು. 2023ರ ಜೂನ್‌ನಿಂದ ಅದು ಶಾಲೆಯಲ್ಲಲ್ಲ, ರಾಜ್ಯದ ವೆಬ್‌ಸೈಟಿನಲ್ಲೇ ಆಗುತ್ತದೆ. ಕೆಲಸ ಕೊಡುವವರು ಮೊದಲು ನೋಂದಣಿ ಮಾಡಿ ಒಂದು ಕೋಡ್ ಕೊಡುತ್ತಾರೆ, ಆಮೇಲೆ ಮಗುವಿನ ಅರ್ಜಿ, ಪೋಷಕರ ಒಪ್ಪಿಗೆ.

ಕನ್ನಡ ಕೂಟದ ಜನರನ್ನು ಕೇಳಿ

ಐಟಿಯವರನ್ನು ಬಿಟ್ಟು ಬೇರೆ ಕೆಲಸ ಮಾಡುವ ಕನ್ನಡಿಗರನ್ನು ಹುಡುಕಿ ಮಾತಾಡಿಸಿ. ಯುಗಾದಿ, ರಾಜ್ಯೋತ್ಸವದ ಊಟದ ಸಾಲಿನಲ್ಲಿ ನರ್ಸ್, ಅಕೌಂಟೆಂಟ್, ಶಾಲೆಯ ಟೀಚರ್ ಎಲ್ಲರೂ ಸಿಗುತ್ತಾರೆ. ಮಾತನ್ನು ಮಗುವೇ ಆಡಲಿ. "ನಿಮ್ಮ ಕೆಲಸದಲ್ಲಿ ಬೇಜಾರು ತರುವ ಭಾಗ ಯಾವುದು?" ಅಂತ ಕೇಳಿದರೆ ಬಹಳ ಉಪಯೋಗದ ಉತ್ತರ ಬರುತ್ತದೆ. ಏಪ್ರಿಲ್‌ನ ನಾಲ್ಕನೇ ಗುರುವಾರ ಮಕ್ಕಳನ್ನು ಆಫೀಸಿಗೆ ಕರೆದುಕೊಂಡು ಹೋಗುವ ದಿನ. ಎಷ್ಟೋ ಕಡೆ ಇದಕ್ಕೆ ಅನುಮತಿ ಇರುತ್ತದೆ, ನಿಮ್ಮ ಆಫೀಸಿನಲ್ಲಿ ವಿಚಾರಿಸಿ.

ಮಕ್ಕಳನ್ನು ಕನ್ನಡ ತರಗತಿಗೆ ಕಳಿಸುವುದನ್ನು ಹೈಸ್ಕೂಲ್ ಬಂತು ಅಂತ ನಿಲ್ಲಿಸಬೇಡಿ. ಎರಡು ಭಾಷೆ ಚೆನ್ನಾಗಿ ಬಲ್ಲ ವಿದ್ಯಾರ್ಥಿಗಳಿಗೆ ನ್ಯೂಜೆರ್ಸಿ "ಸೀಲ್ ಆಫ್ ಬೈಲಿಟರಸಿ" ಅನ್ನೋ ಮಾನ್ಯತೆ ಕೊಡುತ್ತದೆ. ಅದಕ್ಕೆ ಬರೆಯುವ ಸ್ಟ್ಯಾಂಪ್ ಅನ್ನೋ ಭಾಷಾ ಪರೀಕ್ಷೆ ಕನ್ನಡದಲ್ಲೂ ಇದೆ. ಓದಲು, ಬರೆಯಲು ಬರಬೇಕು, ಬರೀ ಮಾತು ಸಾಲದು. ನಿಮ್ಮ ಶಾಲೆ ಇದನ್ನು ನಡೆಸುತ್ತದೆಯೇ, ಯಾವಾಗ ಹೆಸರು ಕೊಡಬೇಕು ಅಂತ ಹನ್ನೊಂದನೇ ಗ್ರೇಡಿನ ಶುರುವಿನಲ್ಲೇ ಕೌನ್ಸೆಲರ್‌ಗೆ ಇಮೇಲ್ ಹಾಕಿ.