ಪೋರ್ಟ್ ನಂಬರ್ ಎಲ್ಲಿ?

ಹೊರದೇಶಕ್ಕೆ ನಾನು ಕಳಿಸಿದ ಮೊದಲ ಕೋರಿಕೆ ಪತ್ರ ಹನ್ನೊಂದು ಪುಟ ಇತ್ತು. ಬಂದ ಉತ್ತರ ಒಂದೇ ಸಾಲು: ‘ಪೋರ್ಟ್ ನಂಬರ್ ಎಲ್ಲಿ?’

ನಾನು ಸೈಬರ್ ಅಪರಾಧಗಳ ತನಿಖೆ ಮಾಡುವವನು. ಗಡಿಯಾಚೆಯಿಂದ ನಡೆಯುವ ದಾಳಿಗಳ ಫೈಲುಗಳು ನನ್ನ ಮೇಜಿಗೆ ಬರುತ್ತವೆ. ವಿಮಾನ ಹತ್ತಿ ಹೋಗಿ ಕಳ್ಳನನ್ನು ಹಿಡಿದು ತರುವುದೇ ನನ್ನ ಕೆಲಸ ಅಂತ ಮನೆಯವರು ಈಗಲೂ ನಂಬಿದ್ದಾರೆ. ನಾನು ದಿನವಿಡೀ ಮಾಡುವುದು ಪತ್ರ ಬರೆಯುವುದು, ಕಾಯುವುದು, ಮತ್ತೆ ಬರೆಯುವುದು.

ಆ ಮೊದಲ ಪ್ರಕರಣ ನೀರು ಸರಬರಾಜು ಮಾಡುವ ಒಂದು ಸಂಸ್ಥೆಯದ್ದು. ಬೆಳಗ್ಗೆ ಬಂದು ನೋಡಿದರೆ ಫೈಲುಗಳಿಗೆಲ್ಲ ಬೀಗ. ದುಡ್ಡು ಕೊಟ್ಟರೆ ಕೀಲಿ ಕೊಡುತ್ತೇವೆ ಅನ್ನುವ ಸಂದೇಶ ಪರದೆ ಮೇಲೆ. ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಒಂದು ದೇಶದಲ್ಲಿ ಬಾಡಿಗೆಗೆ ತೆಗೆದುಕೊಂಡ ಸರ್ವರ್. ಬಾಡಿಗೆ ಕಟ್ಟಿದ್ದು ಇನ್ನೊಂದು ದೇಶದ ಕಾರ್ಡಿನಿಂದ. ಲಾಗಿನ್ ಆಗಿದ್ದು ಮೂರನೇ ದೇಶದಿಂದ. ಆ ಮೂರನೇ ದೇಶಕ್ಕೆ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ಕೊಟ್ಟು ‘ಇದು ಯಾರದ್ದು?’ ಅಂತ ಕೇಳಿದ್ದೆ. ವಿಳಾಸ ಕೊಟ್ಟರೆ ಸಾಕು ಅಂದುಕೊಂಡಿದ್ದೆ.

ಸಾಲುವುದಿಲ್ಲ. ಹಳೆಯ ಮಾದರಿಯ ಐಪಿ ವಿಳಾಸಗಳು ಇರುವುದೇ ಸುಮಾರು 430 ಕೋಟಿ. ಅವು ಯಾವತ್ತೋ ಸಾಲದಾಗಿವೆ. ಹಾಗಾಗಿ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ನೂರಾರು ಜನಕ್ಕೆ ಹಂಚುತ್ತವೆ. ಒಂದೇ ಬಾಗಿಲಿನ ದೊಡ್ಡ ವಠಾರ ಇದ್ದ ಹಾಗೆ. ಒಳಗೆ ಯಾವ ಮನೆ ಅಂತ ಹೇಳುವುದು ಪೋರ್ಟ್ ನಂಬರ್. ಅದು ನಮ್ಮ ಲಾಗ್‌ನಲ್ಲಿ, ಅಂದರೆ ಯಾರು ಯಾವಾಗ ಸಂಪರ್ಕಿಸಿದರು ಅನ್ನುವ ದಾಖಲೆಯಲ್ಲಿ, ಇತ್ತು. ಪತ್ರದಲ್ಲಿ ಮಾತ್ರ ಇರಲಿಲ್ಲ. ಕೊಟ್ಟಿದ್ದ ಹನ್ನೊಂದು ಪುಟದಲ್ಲಿ ಒಂಬತ್ತು ಪುಟ ದಾಳಿ ಎಷ್ಟು ಘೋರ ಅನ್ನುವ ವರ್ಣನೆ!

ಪೋರ್ಟ್ ಸೇರಿಸಿ ಮತ್ತೆ ಕಳಿಸಿದೆ. ಈ ಸಲ ಇನ್ನೊಂದು ಎಡವಟ್ಟು. ಸಮಯವನ್ನು ನಮ್ಮ ಗಡಿಯಾರದ ಲೆಕ್ಕದಲ್ಲೇ ಬರೆದುಬಿಟ್ಟಿದ್ದೆ. ಅಲ್ಲಿನವರು ಅದನ್ನು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ, ಅಂದುಕೊಂಡರು. ಕೆಲವೇ ಗಂಟೆಗಳ ವ್ಯತ್ಯಾಸ, ಅಲ್ವಾ? ಅಷ್ಟರಲ್ಲಿ ಆ ವಿಳಾಸ, ಆ ಪೋರ್ಟ್ ಬೇರೆಯವರ ಪಾಲಾಗಿತ್ತು. ಅಲ್ಲಿನ ಪೊಲೀಸರು ಹೋಗಿ ತಟ್ಟಿದ್ದು ಏನೂ ಅರಿಯದ ವಯಸ್ಸಾದ ದಂಪತಿಯ ಬಾಗಿಲು. ತಪ್ಪು ಪೂರ್ತಿ ನನ್ನದೇ. ಕ್ಷಮೆ ಕೇಳಿ ಬರೆದೆ. ಅವತ್ತಿನಿಂದ ಪ್ರತಿ ಸಮಯದ ಪಕ್ಕ ಯುಟಿಸಿ ಅಂತ ಬರೆಯದೆ ಪತ್ರ ಹೊರಗೆ ಬಿಟ್ಟಿಲ್ಲ. ಸೆಕೆಂಡನ್ನೂ ಬರೆಯುತ್ತೇನೆ.

ಇದರ ಜೊತೆ ದಿನಗಳ ಓಟ ಬೇರೆ. ಇಂಥ ಲಾಗುಗಳು ತಿಂಗಳುಗಟ್ಟಲೆ ಉಳಿಯುತ್ತವೆ ಅನ್ನುವ ಖಾತ್ರಿ ಇಲ್ಲ. ಕೆಲವು ಕಂಪನಿಗಳು ಕೆಲವೇ ದಿನದಲ್ಲಿ ಅಳಿಸುತ್ತವೆ. ಸರಕಾರದಿಂದ ಸರಕಾರಕ್ಕೆ ಹೋಗುವ ಕಾನೂನು ನೆರವಿನ ಕೋರಿಕೆಗೆ, ನಾವು ಎಂಲ್ಯಾಟ್ ಅನ್ನುತ್ತೇವಲ್ಲ, ಅದಕ್ಕೆ ಉತ್ತರ ಬರಲು ಎಷ್ಟೋ ಸಲ ವರ್ಷವೇ ಹಿಡಿಯುತ್ತದೆ. ಹಾಗಾಗಿ ಈಗ ಮೊದಲ ದಿನವೇ ಒಂದು ಪುಟದ ಪ್ರಿಸರ್ವೇಶನ್ ಕೋರಿಕೆ ಕಳಿಸುತ್ತೇನೆ. ‘ನಮಗೆ ಈಗಲೇ ಏನೂ ಕೊಡಬೇಡಿ, ಅಳಿಸಬೇಡಿ ಅಷ್ಟೆ.’ ಸೈಬರ್ ಅಪರಾಧದ ಬಗೆಗಿನ 2001ರ ಬುಡಾಪೆಸ್ಟ್ ಒಪ್ಪಂದಕ್ಕೆ ಸೇರಿದ ದೇಶಗಳು ಹಗಲೂ ರಾತ್ರಿ ಫೋನು ಎತ್ತುವ ಒಂದು ಕೇಂದ್ರ ಇಟ್ಟಿರಬೇಕು. ಹಾಗೆ ಕೇಳಿ ಉಳಿಸಿದ ಮಾಹಿತಿಯನ್ನು ಕನಿಷ್ಠ 60 ದಿನ ಕಾಪಾಡಬೇಕು. ಅಷ್ಟರೊಳಗೆ ನಮ್ಮ ದೊಡ್ಡ ಪತ್ರ, ಅಂದರೆ ಎಂಲ್ಯಾಟ್ ಕೋರಿಕೆ, ಅವರ ಕೈ ಸೇರಬೇಕು. ನನ್ನ ಮೇಜಿನ ಕ್ಯಾಲೆಂಡರಿನಲ್ಲಿ ಕೆಂಪು ಸುತ್ತು ಹಾಕಿರುವುದೆಲ್ಲ ಈ ಗಡುವುಗಳಿಗೇ.

ದೊಡ್ಡ ಪತ್ರದಲ್ಲಿ ನಾನು ಮೊದಮೊದಲು ನಮ್ಮ ಕಾನೂನಿನ ಸೆಕ್ಷನ್ನುಗಳನ್ನು ಸಾಲಾಗಿ ಜೋಡಿಸುತ್ತಿದ್ದೆ. ಅದರಿಂದ ಆಚೆಯವರಿಗೆ ಏನೂ ತಿಳಿಯುವುದಿಲ್ಲ. ಅವರು ನೋಡುವುದು ಒಂದೇ: ಇದು ನಮ್ಮ ದೇಶದಲ್ಲಿ ನಡೆದಿದ್ದರೆ ನಮ್ಮ ಕಾನೂನಿನಲ್ಲೂ ಅಪರಾಧ ಆಗುತ್ತಿತ್ತಾ? ಆದ್ದರಿಂದ ಯಾರು, ಯಾವಾಗ, ಏನು ಮಾಡಿದರು, ಕೇಳುತ್ತಿರುವ ಮಾಹಿತಿಗೂ ಅದಕ್ಕೂ ಏನು ನಂಟು, ಇಷ್ಟನ್ನು ಬಿಡಿಸಿ ಹೇಳಬೇಕು. ಭಾಷಾಂತರವನ್ನೂ ಕೂತು ಓದಿಸಿಕೊಳ್ಳಬೇಕು. ಒಮ್ಮೆ ನಮ್ಮ ‘ದಾಳಿ’ ಅನುವಾದದಲ್ಲಿ ಹೊಡೆದಾಟ ಆಗಿತ್ತು. ಗಾಯಾಳುಗಳ ಸಂಖ್ಯೆ ತಿಳಿಸಿ ಅಂತ ಕೇಳಿ ಬರೆದಿದ್ದರು.

ಇಂಟರ್‌ಪೋಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. 196 ದೇಶಗಳು ಸದಸ್ಯರು, ಕೇಂದ್ರ ಕಚೇರಿ ಫ್ರಾನ್ಸಿನ ಲಿಯಾನ್‌ನಲ್ಲಿ. ನಮಗೆ ಅದು ಮುಖ್ಯವಾಗಿ ಭದ್ರವಾದ ಸಂದೇಶ ಜಾಲ. ಅದರ ಅಧಿಕಾರಿಗಳು ಹೋಗಿ ಯಾರನ್ನೂ ಬಂಧಿಸುವುದಿಲ್ಲ. ಬೇಕಾದವರನ್ನು ಹುಡುಕಿಕೊಡಿ ಅಂತ ಸದಸ್ಯ ದೇಶಗಳಿಗೆ ಹೋಗುವ ರೆಡ್ ನೋಟಿಸ್ ಅಂದರೂ ಬಂಧನದ ವಾರೆಂಟ್ ಅಲ್ಲ. ಅದಕ್ಕೆ ಎಷ್ಟು ಬೆಲೆ ಕೊಡಬೇಕು ಅನ್ನುವುದು ಆಯಾ ದೇಶದ ಕಾನೂನಿಗೆ ಬಿಟ್ಟದ್ದು. ರಾಜಕೀಯ, ಸೇನೆ, ಧರ್ಮ, ಜನಾಂಗದ ವಿಷಯಗಳಲ್ಲಿ ತಲೆ ಹಾಕಕೂಡದು ಅಂತ ಅದರ ಸಂವಿಧಾನದ 3ನೇ ವಿಧಿಯೇ ಹೇಳುತ್ತದೆ.

ನನ್ನನ್ನು ಕೇಳಿದರೆ ಈ ಕೆಲಸದಲ್ಲಿ ಜಾಸ್ತಿ ಹಾಳಾಗುವುದು ಕಾನೂನಿನಿಂದಲ್ಲ, ಬಾಯಿಯಿಂದ. ಒಂದು ದೇಶ ಕೊಟ್ಟ ಸುಳಿವನ್ನು ಅವರನ್ನು ಕೇಳದೆ ಮೂರನೆಯವರಿಗೆ ಕೊಡಬಾರದು. ಸುಳಿವು ಬೇರೆ, ಸಾಕ್ಷ್ಯ ಬೇರೆ. ಬ್ಯಾಂಕ್ ವ್ಯವಹಾರದ ಗುಪ್ತ ಮಾಹಿತಿ ಹಂಚಿಕೊಳ್ಳುವ ಎಗ್ಮಾಂಟ್ ಗುಂಪಿನಲ್ಲೂ ಇದೇ ಕಟ್ಟುಪಾಡು. ಒಪ್ಪಿಗೆ ಇಲ್ಲದೆ ಅದನ್ನು ಕೋರ್ಟಿಗೆ ಒಯ್ಯುವಂತಿಲ್ಲ. ನಮ್ಮವರೊಬ್ಬರು ಒಂದು ಸಲ ಹೊರಗಿನಿಂದ ಬಂದ ವರದಿಯನ್ನು ಸುಮ್ನೆ ಇನ್ನೊಂದು ಕಚೇರಿಗೆ ಕಳಿಸಿಬಿಟ್ಟರು. ಕೆಟ್ಟ ಉದ್ದೇಶ ಇರಲಿಲ್ಲ, ಸಹಾಯ ಆಗಲಿ ಅಂತಲೇ. ಅದರಲ್ಲಿದ್ದ ಒಂದು ವಿಳಾಸ ಎಲ್ಲೋ ಬಾಯಿಗೆ ಬಿತ್ತು, ಆ ಸರ್ವರ್ ರಾತ್ರೋರಾತ್ರಿ ಖಾಲಿ. ಆ ದೇಶದವರು ಜಗಳ ಆಡಲಿಲ್ಲ. ಬರೀ ಉತ್ತರ ಕೊಡುವುದನ್ನು ನಿಲ್ಲಿಸಿದರು. ಏಳು ತಿಂಗಳು. ಕೊನೆಗೆ ನಾನೇ ಫೋನ್ ಮಾಡಿ ಏನಾಯಿತು ಅಂತ ಇದ್ದದ್ದು ಇದ್ದಂತೆ ಹೇಳಿದೆ. ಆಮೇಲೆ ಅವರು ಕೇಳಿದ ಎರಡು ಸಣ್ಣ ಮಾಹಿತಿಗಳನ್ನು ಎರಡೇ ದಿನದಲ್ಲಿ ಒದಗಿಸಿದೆ. ಮೂರನೇ ವಾರಕ್ಕೆ ಆ ಕಡೆಯಿಂದ ಮತ್ತೆ ಪತ್ರ ಬಂತು.

ನೀರಿನ ಸಂಸ್ಥೆಯ ಫೈಲು? ಸರಿಯಾದ ಸಮಯ ಕೊಟ್ಟ ಮೇಲೆ ಒಂದು ಹೆಸರು ಬಂತು. ಕಾರ್ಡಿನ ದೇಶ ಖಾತೆಯ ವಿವರ ಕೊಟ್ಟಿತು. ಎರಡೂ ಹೊಂದಿಕೆಯಾದವು. ವಿಚಾರಣೆ ಆ ಹೆಸರಿನವನ ದೇಶದಲ್ಲೇ ನಡೆಯಿತು, ಏಕೆಂದರೆ ಅಲ್ಲಿನವರು ತಮ್ಮ ನಾಗರಿಕರನ್ನು ಹೊರಗೆ ಒಪ್ಪಿಸುವುದಿಲ್ಲ. ನಾವು ಸಾಕ್ಷ್ಯ ಕಟ್ಟಿ ಕಳಿಸಿದೆವು.

ಕಳೆದ ತಿಂಗಳು ಹೊರದೇಶದಿಂದ ನನಗೊಂದು ಕೋರಿಕೆ ಬಂತು. ಹದಿನಾಲ್ಕು ಪುಟ, ದಾಳಿ ಎಷ್ಟು ಘೋರ ಅನ್ನುವ ವರ್ಣನೆ. ಐಪಿ ವಿಳಾಸ ಇತ್ತು, ಪೋರ್ಟ್ ಇರಲಿಲ್ಲ. ಕೆಳಗೆ ಕಳಿಸಿದವರ ಫೋನ್ ನಂಬರ್ ಇತ್ತು. ಅವರ ಕಡೆ ಬೆಳಗಾಗುವವರೆಗೆ ಕಾದು ಫೋನ್ ಮಾಡಿದೆ.