ಹಳೇ ಕಾರಿಗೆ ಟೈರ್: ಅಂಗಡಿಗೆ ಹೋಗುವ ಮೊದಲು ಡಿಸ್ಕ್ ಅಳೆಯಿರಿ

ಅಂಬಾಸಿಡರ್‌ಗೆ ಟೈರ್ ಬೇಕು ಎಂದರೆ ಹೆಚ್ಚಿನ ಅಂಗಡಿಗಳಲ್ಲಿ ಕೇಳುವುದು ಒಂದೇ ಪ್ರಶ್ನೆ: 'ಹದಿನೈದು ಇಂಚಾ?' ಹೌದು ಎಂದರೆ ಸ್ಟಾಕಿನಲ್ಲಿರುವ 185/65 R15 ಅಥವಾ 195/65 R15 ಹೊರಗೆ ಬರುತ್ತದೆ. ಡಿಸ್ಕ್ (ಟೈರ್ ಕೂರುವ ಲೋಹದ ಚಕ್ರ) ಮೇಲೆ ಕೂರುತ್ತದೆ, ಗಾಳಿ ನಿಲ್ಲುತ್ತದೆ, ನೋಡಲೂ ದಪ್ಪಗೆ ಚೆಂದ. ಆದರೆ ಆ ಕಾರಿನ ಡಿಸ್ಕ್, ಸ್ಟೀರಿಂಗ್ ಬಾಕ್ಸ್, ಗೇರ್ ಅನುಪಾತ ಎಲ್ಲವೂ 5.90-15 ಎಂಬ ಕಿರಿದಾದ, ಎತ್ತರದ ಟೈರಿಗೆ ಹೊಂದಿಸಿದ್ದು. ಹಳೇ ಕಾರಿನ ಟೈರ್ ಆಯ್ಕೆಯಲ್ಲಿ ಆಗುವ ತಪ್ಪುಗಳಲ್ಲಿ ಮುಕ್ಕಾಲು ಪಾಲು ಇದೇ: ಅಗಲ ಹೆಚ್ಚಿಸಿ, ಎತ್ತರ ಇಳಿಸುವುದು.

ಮೊದಲ ಕೆಲಸ: ಡಿಸ್ಕ್

ಒಂದು ಚಕ್ರ ಬಿಚ್ಚಿ, ಟೈರ್ ಕಳಚಿಸಿ. ಡಿಸ್ಕ್‌ನ ಅಗಲವನ್ನು ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯಬಾರದು. ಟೈರಿನ ಬೀಡ್ (ಡಿಸ್ಕಿಗೆ ಕೂರುವ ಒಳ ಅಂಚು) ಬಂದು ಒತ್ತುವ ಎರಡು ಗೋಡೆಗಳ ಒಳಮೈ ನಡುವಿನ ಅಂತರ ಮಾತ್ರ ಲೆಕ್ಕಕ್ಕೆ. ಐವತ್ತು, ಅರವತ್ತರ ದಶಕದ ಕಾರುಗಳಲ್ಲಿ ಇದು ಸಾಮಾನ್ಯವಾಗಿ 4 ಇಂಚಿನ ಆಸುಪಾಸು. 165 ಮಿ.ಮೀ. ಅಗಲದ, 80 ಸರಣಿಯ (ಅಂದರೆ ಗೋಡೆಯ ಎತ್ತರ ಅಗಲದ ಶೇ 80) ಟೈರಿಗೆ 4ರಿಂದ 5.5 ಇಂಚಿನ ಡಿಸ್ಕ್ ನಡೆಯುತ್ತದೆ. 185/65ಕ್ಕೆ ಕನಿಷ್ಠ 5 ಇಂಚು, 195/65ಕ್ಕೆ ಕನಿಷ್ಠ 5.5 ಇಂಚು ಬೇಕು. ಅಗಲದ ಟೈರನ್ನು ಕಿರಿದಾದ ಡಿಸ್ಕಿಗೆ ತುರುಕಿದರೆ ಬೀಡ್‌ಗಳು ಒಳಕ್ಕೆ ಎಳೆದುಕೊಂಡು ಟ್ರೆಡ್ (ರಸ್ತೆಗೆ ತಾಗುವ ಮೈ) ಮಧ್ಯದಲ್ಲಿ ಉಬ್ಬುತ್ತದೆ. ಹೆಚ್ಚು ದುಡ್ಡು ಕೊಟ್ಟು ತಂದ ಅಗಲದಲ್ಲಿ ಅರ್ಧ ಮಾತ್ರ ರಸ್ತೆಗೆ ತಾಗುತ್ತದೆ, ತಿರುವಿನಲ್ಲಿ ಕಾರು ತೇಲಿದ ಹಾಗಾಗುತ್ತದೆ.

ಅಳತೆಯ ಜೊತೆಗೇ ಡಿಸ್ಕ್‌ನ ಆರೋಗ್ಯವನ್ನೂ ನೋಡಿ. ವೀಲ್ ನಟ್ ತೂತುಗಳ ಸುತ್ತ ಕೂದಲೆಳೆಯಂಥ ಬಿರುಕು, ರಿವೆಟ್‌ಗಳ ಬಳಿ ತುಕ್ಕಿನ ಕಂದು ಗೆರೆ, ಬೀಡ್ ಕೂರುವ ಜಾಗದಲ್ಲಿ ತಿಂದುಹೋದ ಗುಳಿಗಳು, ಇವು ಕಂಡರೆ ಟೈರಿನ ಮಾತು ಆಮೇಲೆ. ಒಳಮೈಯಲ್ಲಿ ಬೀಡ್ ಕೂರುವ ಜಾಗದ ಪಕ್ಕದಲ್ಲೇ ಸಣ್ಣ ಉಬ್ಬುಗೆರೆ ಇದೆಯೇ ಎಂದು ಬೆರಳಾಡಿಸಿ ನೋಡಿ. ತಿರುವಿನಲ್ಲಿ ಬೀಡ್ ಕಳಚದಂತೆ ತಡೆಯುವುದು ಆ ಗೆರೆ. ಹಳೇ ಡಿಸ್ಕ್‌ಗಳಲ್ಲಿ ಹೆಚ್ಚಾಗಿ ಅದು ಇರುವುದಿಲ್ಲ. ಅದಿಲ್ಲದ ಡಿಸ್ಕಿಗೆ, ರಿವೆಟ್ ಹೊಡೆದ ಡಿಸ್ಕಿಗೆ, ತಂತಿ ಕಡ್ಡಿಗಳ ಚಕ್ರಕ್ಕೆ ಟ್ಯೂಬ್ ಕಡ್ಡಾಯ; ಟೈರ್ ಮೇಲೆ ಟ್ಯೂಬ್‌ಲೆಸ್ ಎಂದು ಬರೆದಿದ್ದರೂ ಸರಿ.

ಸೈಜ್ ಓದುವ ಬಗೆ

5.90-15 ಎಂದರೆ ಅಗಲ 5.9 ಇಂಚು, ಡಿಸ್ಕ್ ವ್ಯಾಸ 15 ಇಂಚು. ಎತ್ತರದ ಶೇಕಡಾವಾರು ಎಲ್ಲೂ ಬರೆದಿರುವುದಿಲ್ಲ. ಹಳೇ ಟೈರುಗಳಲ್ಲಿ ಎತ್ತರ ಹೆಚ್ಚುಕಡಿಮೆ ಅಗಲದಷ್ಟೇ ಇರುತ್ತಿತ್ತು. 165 R15 ಎಂದು ಶೇಕಡಾ ಇಲ್ಲದೆ ಬರೆದಿದ್ದರೆ ಸುಮಾರು 82 ಎಂದುಕೊಳ್ಳಿ.

ಮೊದಲ ಮಹಾಯುದ್ಧದ ಆಸುಪಾಸಿನ ಕಾರಾದರೆ ಲೆಕ್ಕವೇ ಬೇರೆ. ಫೋರ್ಡ್ ಮಾಡೆಲ್ ಟಿಯ 30×3½ ಟೈರಿನಲ್ಲಿ 30 ಎಂಬುದು ಟೈರಿನ ಹೊರವ್ಯಾಸ. ಎರಡೂ ಕಡೆಯ 3½ ಕಳೆದರೆ ಡಿಸ್ಕ್ 23 ಇಂಚು. ಅದೇ ಕಂಪನಿಯ 1928-29ರ ಮಾಡೆಲ್ ಎ ಕಾರಿನ 4.50-21ರಲ್ಲಿ 21 ಎಂಬುದು ಡಿಸ್ಕ್ ವ್ಯಾಸ. ಎರಡೂ ಟೈರ್ ನಿಂತರೆ ಎತ್ತರ ಹತ್ತಿರ ಹತ್ತಿರ ಒಂದೇ. 820×120ರಂಥ ಮಿಲಿಮೀಟರ್ ಸೈಜಿನಲ್ಲೂ ಮೊದಲ ಅಂಕೆ ಹೊರವ್ಯಾಸವೇ. ಈ ಬಗೆಯ ಟೈರುಗಳ ಬೀಡ್‌ನಲ್ಲಿ ತಂತಿ ಇರುವುದಿಲ್ಲ. ರಬ್ಬರಿನ ಕೊಕ್ಕೆ ಡಿಸ್ಕಿನ ಅಂಚಿಗೆ ಸಿಕ್ಕಿಕೊಂಡಿರುತ್ತದೆ, ಅದನ್ನು ಹಿಡಿದಿಡುವುದು ಗಾಳಿಯ ಒತ್ತಡ ಮಾತ್ರ. ಗಾಳಿ ಇಳಿದರೆ ಟೈರ್ ಚಕ್ರ ಬಿಟ್ಟು ಹೊರಡುತ್ತದೆ.

ನಮ್ಮಲ್ಲಿ ಹೆಚ್ಚು ಓಡಾಡುವ ಹಳೇ ಕಾರುಗಳಿಗೆ ಹೊಂದುವ ರೇಡಿಯಲ್ (ಸೈಜಿನಲ್ಲಿ R ಎಂದು ಬರೆದಿರುವ ಬಗೆ) ಸೈಜ್‌ಗಳು ಇವು. ಅಂಬಾಸಿಡರ್‌ನ 5.90-15ಕ್ಕೆ 165 R15 ಅಥವಾ 165/80 R15. ಬೀಟಲ್‌ನ 5.60-15ಕ್ಕೆ 155 R15, ಡಿಸ್ಕ್ 4 ಇಂಚು ಅಥವಾ ಹೆಚ್ಚಿದ್ದರೆ 165 R15. ಪ್ರೀಮಿಯರ್ ಪದ್ಮಿನಿಯ 5.20-14ಕ್ಕೆ 145 R14 ಅಥವಾ 155/80 R14. ಸ್ವಿಫ್ಟ್‌ಗೆ ಬರುವ 165/80 R14 ಸುಲಭವಾಗಿ ಸಿಗುತ್ತದೆ ಎಂದು ಪದ್ಮಿನಿಗೆ ಹಾಕಿಸುವವರಿದ್ದಾರೆ. ಡಿಸ್ಕ್ 4 ಇಂಚಿಗಿಂತ ಕಿರಿದಾಗಿದ್ದರೆ ಆ ಆಸೆ ಬಿಡಿ.

ಎತ್ತರದ ಲೆಕ್ಕ

165/80 R15ರ ಹೊರವ್ಯಾಸ ಹೀಗೆ: 165ರಲ್ಲಿ ಶೇ 80 ಎಂದರೆ 132 ಮಿ.ಮೀ., ಮೇಲೆ ಕೆಳಗೆ ಸೇರಿ 264, ಡಿಸ್ಕ್‌ನ 15 ಇಂಚು ಅಂದರೆ 381. ಒಟ್ಟು 645 ಮಿ.ಮೀ. ಇದೇ ರೀತಿ 185/65 R15 ಬರುವುದು 621.5. ವ್ಯತ್ಯಾಸ ಶೇ 3.6. ಕಾರು ಸುಮಾರು 12 ಮಿ.ಮೀ. ಕೆಳಗಿಳಿಯುತ್ತದೆ. ಮೊದಲೇ ನಾಲ್ಕು ಗೇರಿನಲ್ಲಿ ಹೆಣಗುವ ಎಂಜಿನ್ ಅದೇ ವೇಗಕ್ಕೆ ಇನ್ನಷ್ಟು ಸುತ್ತು ತಿರುಗಬೇಕು. ಸ್ಪೀಡೋಮೀಟರ್ ನಿಜಕ್ಕಿಂತ ಹೆಚ್ಚು ತೋರಿಸುತ್ತದೆ. ಮೂಲ ವ್ಯಾಸಕ್ಕಿಂತ ಶೇ 3 ಹೆಚ್ಚು ಅಥವಾ ಕಡಿಮೆ, ಅಲ್ಲಿಗೆ ನಿಲ್ಲಿಸಿ.

ಮೂಲ ವ್ಯಾಸ ಗೊತ್ತಿಲ್ಲದಿದ್ದರೆ, ಸವೆಯದ ಸರಿಯಾದ ಸೈಜಿನ ಟೈರ್ ಇರುವ ಚಕ್ರಕ್ಕೂ ಅದರ ಕೆಳಗಿನ ನೆಲಕ್ಕೂ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಕಾರನ್ನು ಚಕ್ರ ಎರಡು ಸುತ್ತು ಬರುವಷ್ಟು ತಳ್ಳಿ, ಗೆರೆ ಮತ್ತೆ ನೆಲ ಮುಟ್ಟಿದಲ್ಲಿ ಗುರುತು ಹಾಕಿ. ಆ ದೂರದ ಅರ್ಧವೇ ಒಂದು ಸುತ್ತಿನ ಓಟ. ಹೊಸ ಟೈರಿನದನ್ನೂ ಹೀಗೇ ಹೋಲಿಸಬಹುದು.

ನೈಲಾನೋ ರೇಡಿಯಲ್ಲೋ

ನಮ್ಮ ಅಂಗಡಿಗಳಲ್ಲಿ ನೈಲಾನ್ ಟೈರ್ ಎಂದರೆ ಕ್ರಾಸ್‌ಪ್ಲೈ. ದಾರದ ಪದರಗಳು ಓರೆಯಾಗಿ ಒಂದರ ಮೇಲೊಂದು ಅಡ್ಡ ಹಾಯುತ್ತವೆ, ಹಾಗಾಗಿ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮತ್ತು ಟ್ರೆಡ್ ಒಟ್ಟಿಗೇ ಬಾಗುತ್ತವೆ. ಸ್ಟೀರಿಂಗ್ ನಿಂತಲ್ಲಿ ಹಗುರ, ರಸ್ತೆಯ ಗಾಲಿಜಾಡು ಕಂಡರೆ ಮಾತ್ರ ಅದರೊಳಗೇ ಓಡುವ ಹಟ. ರಾತ್ರಿ ನಿಲ್ಲಿಸಿದ ಕಾರು ಬೆಳಿಗ್ಗೆ ಮೊದಲ ಕೆಲವು ಕಿಲೋಮೀಟರ್ ದಡದಡ ಎನ್ನುವುದು ಇದರಲ್ಲೇ. ನೆಲಕ್ಕೊತ್ತಿದ ಭಾಗ ಚಪ್ಪಟೆಯಾಗಿ, ಬಿಸಿಯಾದ ಮೇಲೆ ಗುಂಡಗಾಗುತ್ತದೆ.

ಮಿಶೆಲಿನ್ 1946ರಲ್ಲಿ ಪೇಟೆಂಟ್ ಪಡೆದು 1949ರಲ್ಲಿ ಮಾರುಕಟ್ಟೆಗೆ ತಂದ ರೇಡಿಯಲ್‌ನಲ್ಲಿ ದಾರ ಬೀಡ್‌ನಿಂದ ಬೀಡ್‌ಗೆ ನೇರ ಹೋಗುತ್ತದೆ, ಟ್ರೆಡ್ ಕೆಳಗೆ ಪ್ರತ್ಯೇಕ ಉಕ್ಕಿನ ಪಟ್ಟಿ. ಹಿಡಿತ ಹೆಚ್ಚು, ಬಾಳಿಕೆ ಹೆಚ್ಚು. ಆದರೆ ಆ ಹಿಡಿತದ ಹೊರೆ ಡಿಸ್ಕ್, ಕಡ್ಡಿ, ಕಿಂಗ್‌ಪಿನ್ (ಮುಂದಿನ ಚಕ್ರ ತಿರುಗುವ ಕೀಲು) ಮೇಲೆ ಬೀಳುತ್ತದೆ. 1930ರ ದಶಕದ ಕಾರಿಗೆ, ಅದರಲ್ಲೂ ತಂತಿ ಚಕ್ರಕ್ಕೆ, ಕ್ರಾಸ್‌ಪ್ಲೈ ಬಿಟ್ಟು ಬೇರೆ ಯೋಚನೆ ಬೇಡ. ಅರವತ್ತರ ನಂತರದ ಅಂಬಾಸಿಡರ್, ಪದ್ಮಿನಿ, ಬೀಟಲ್ ದಿನಬಳಕೆಗಿದ್ದರೆ ಸರಿಯಾದ ಸೈಜಿನ ರೇಡಿಯಲ್ ಒಳ್ಳೆಯ ಆಯ್ಕೆ. ಪ್ರದರ್ಶನಕ್ಕೆ ಮಾತ್ರ ಹೊರಡುವ ಕಾರಾದರೆ ತೀರ್ಪುಗಾರರ ಕಣ್ಣು ಮೊದಲು ಟೈರಿನ ಮೇಲೇ ಬೀಳುತ್ತದೆ, ಅದು ಗಮನದಲ್ಲಿರಲಿ.

ಎರಡನ್ನೂ ಬೆರೆಸಬೇಡಿ. ಒಂದೇ ಆಕ್ಸಲ್‌ನಲ್ಲಂತೂ ಯಾವ ಕಾರಣಕ್ಕೂ ಕೂಡದು. ಎರಡೇ ರೇಡಿಯಲ್ ಇದ್ದು ತುರ್ತು ಬಂದರೆ ಅವು ಹಿಂದಕ್ಕೇ ಹೋಗಬೇಕು. ಮುಂದೆ ರೇಡಿಯಲ್, ಹಿಂದೆ ನೈಲಾನ್ ಆದರೆ ತಿರುವಿನಲ್ಲಿ ಮೂತಿ ಹಿಡಿದು ನಿಲ್ಲುತ್ತದೆ, ಹಿಂಭಾಗ ಜಾರಿ ಕಾರು ಗಿರಕಿ ಹೊಡೆಯುತ್ತದೆ. ಮಳೆಗಾಲದ ಘಾಟಿಯಲ್ಲಿ ಇದನ್ನು ಸರಿಪಡಿಸಿಕೊಳ್ಳಲು ಸಮಯವೇ ಸಿಗುವುದಿಲ್ಲ. ಸ್ಟೆಪ್ನಿಯೂ ಅದೇ ಜಾತಿಯದಾಗಬೇಕು, ಅಂದರೆ ಕೊಳ್ಳುವುದು ಐದು.

ಭಾರ, ವೇಗ, ವಯಸ್ಸು

ಆರ್‌ಸಿಯಲ್ಲಿರುವ ಭರ್ತಿ ತೂಕ 1,600 ಕೆ.ಜಿ. ಎಂದಿಟ್ಟುಕೊಳ್ಳಿ. ಭಾರದ ಕಡೆಗೆ ಶೇ 55 ಬಿದ್ದರೆ 880 ಕೆ.ಜಿ., ಒಂದು ಟೈರಿಗೆ 440. ಲೋಡ್ ಇಂಡೆಕ್ಸ್ (ಟೈರ್ ಹೊರಬಲ್ಲ ಭಾರದ ಸಂಕೇತ) 82 ಎಂದರೆ 475 ಕೆ.ಜಿ., 86 ಎಂದರೆ 530. ಎರಡೂ ಸಾಕು, 86 ನೆಮ್ಮದಿ. ವೇಗದ ಅಕ್ಷರ S (180 ಕಿ.ಮೀ.) ಇದ್ದರೆ ಈ ಕಾರುಗಳಿಗೆ ಧಾರಾಳ. ಭಾರ ಹೊರಲಿ ಎಂದು ವ್ಯಾನಿನ 8 ಪಿಆರ್ (ಪ್ಲೈ ರೇಟಿಂಗ್, ಟೈರಿನ ಬಲದ ಅಂಕೆ) ಟೈರ್ ಹಾಕಿಸುವುದು ಬೇಡ. ಕಾರಿನ ಗಾಳಿಗೆ ಅದು ಬಾಗುವುದೇ ಇಲ್ಲ, ಹೊಂಡದ ಪೆಟ್ಟೆಲ್ಲ ಸೀಟಿಗೆ ಬರುತ್ತದೆ.

ಸೈಡ್‌ವಾಲ್‌ನಲ್ಲಿ DOT ಅಕ್ಷರಗಳ ಕೊನೆಗೆ ನಾಲ್ಕು ಅಂಕೆ ಹುಡುಕಿ. 2319 ಎಂದರೆ 2019ರ 23ನೇ ವಾರ. ಮೂರೇ ಅಂಕೆ ಇದ್ದರೆ ಅದು 2000ಕ್ಕಿಂತ ಹಿಂದಿನದು. ಎಷ್ಟೇ ಮಿರುಗುತ್ತಿರಲಿ, ಗೋಡೆಗೆ ತೂಗುಹಾಕಲು ಮಾತ್ರ. ವರ್ಷಕ್ಕೆ ಸಾವಿರ ಕಿಲೋಮೀಟರ್ ಓಡದ ಕಾರಿನಲ್ಲಿ ಟ್ರೆಡ್ ಸವೆಯುವ ಮೊದಲೇ ರಬ್ಬರ್ ಗಟ್ಟಿಯಾಗುತ್ತದೆ. ಟ್ರೆಡ್ ಗೆರೆಗಳ ತಳದಲ್ಲಿ, ಡಿಸ್ಕ್ ಅಂಚಿನ ಮೇಲೆ ಸಣ್ಣ ಬಿರುಕು ನೋಡಿ. ಆರು ವರ್ಷದ ನಂತರ ಪ್ರತಿ ವರ್ಷ ಕಳಚಿ ಪರೀಕ್ಷೆ, ಹತ್ತು ತುಂಬಿದರೆ ಬದಲಾವಣೆ.

ಎಲ್ಲಿ ಕೊಳ್ಳುವುದು

ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ 14, 15 ಇಂಚಿನವನ್ನು ವಿಚಾರಿಸಬಹುದು. ಯುದ್ಧಪೂರ್ವದ 19, 21 ಇಂಚಿನ ಟೈರುಗಳನ್ನು ಕೋಕರ್, ಬ್ಲಾಕ್ಲಿಯಂಥ ವಿದೇಶಿ ಕಂಪನಿಗಳು ಈಗಲೂ ಮಾಡುತ್ತವೆ. ತರಿಸುವ ಮುನ್ನ ಕ್ಲಿಯರಿಂಗ್ ಏಜೆಂಟರನ್ನು ಕೇಳಿ: 2020ರ ಜೂನ್‌ನಲ್ಲಿ ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಹೊಸ ಕಾರ್ ಟೈರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿತು, ಲೈಸೆನ್ಸ್ ಮತ್ತು ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ವಿಷಯ ಇತ್ಯರ್ಥವಾಗದೆ ಹಣ ಕಳಿಸಬೇಡಿ. ತಯಾರಿಕೆಯ ವಾರದ ಫೋಟೋ ಮೊದಲೇ ತರಿಸಿಕೊಳ್ಳಿ.

19 ಇಂಚಿನಲ್ಲಿ ಇಲ್ಲೇ ಅಗ್ಗಕ್ಕೆ ಸಿಗುವ ಒಂದು ಟೈರ್ ಇದೆ, 6.00-19, ಮೇಲೆ ADV ಎಂದು ಬರೆದಿರುತ್ತದೆ. ಅದು ಎತ್ತಿನಗಾಡಿಯದು. ಎತ್ತಿನ ನಡಿಗೆಯ ವೇಗಕ್ಕೆ ಮಾಡಿದ್ದು. ಕಾರಿಗೆ ಹಾಕಿದರೆ ಬಿಸಿಗೆ ಒಡೆಯುತ್ತದೆ.

ಬಿಳಿ ಪಟ್ಟಿ ಬೇಕೆನ್ನುವವರು ಟೈರಿನಲ್ಲೇ ಅಚ್ಚಾದದ್ದನ್ನೇ ಕೊಳ್ಳಿ. ಡಿಸ್ಕ್ ಮತ್ತು ಟೈರ್ ನಡುವೆ ಸಿಕ್ಕಿಸುವ ಬಿಳಿ ರಬ್ಬರ್ ಬಳೆ ರೇಡಿಯಲ್‌ನ ಮೆತ್ತಗಿನ ಸೈಡ್‌ವಾಲ್ ಅನ್ನು ಉಜ್ಜಿ ಉಜ್ಜಿ ಕೊಯ್ಯುತ್ತದೆ.

ಹಾಕಿಸುವ ದಿನ

ಅವಸರದ ಅಂಗಡಿ ಬೇಡ. ಡಿಸ್ಕ್‌ನ ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ತೆಗೆದು, ಪ್ರೈಮರ್, ಬಣ್ಣ ಹೊಡೆದು, ಪೂರ್ತಿ ಒಣಗಿಸಿ ಒಯ್ಯಿರಿ. ತಂತಿ ಚಕ್ರವಾದರೆ ಒಳಗೆ ಇಣುಕುವ ಕಡ್ಡಿ ತುದಿಗಳನ್ನು ಅರದಿಂದ ಸಮ ಮಾಡಿ, ಮೇಲೆ ರಬ್ಬರ್ ಪಟ್ಟಿ ಹಾಸಬೇಕು.

ಟ್ಯೂಬ್ ಹೊಸದೇ ಇರಲಿ, ರೇಡಿಯಲ್‌ಗೆ ರೇಡಿಯಲ್ ಟ್ಯೂಬ್ ಇರಲಿ. ವಾಲ್ವ್ ಕಾಂಡ ಎರಡು ದಪ್ಪದಲ್ಲಿ ಬರುತ್ತದೆ: TR13 ಸುಮಾರು 11.5 ಮಿ.ಮೀ. ತೂತಿಗೆ, TR15 ಸುಮಾರು 16 ಮಿ.ಮೀ. ತೂತಿಗೆ. ದೊಡ್ಡ ತೂತಿನಲ್ಲಿ ಸಣ್ಣ ವಾಲ್ವ್ ಅಲ್ಲಾಡಿದರೆ ಬುಡ ಕತ್ತರಿಸಿಹೋಗುತ್ತದೆ; ಬುಷ್ ಹಾಕಿಸಿ.

ಟೈರಿನ ಒಳಗೆ ಕೈ ಹಾಕಿ ಸುತ್ತಲೂ ಸವರಿ. ಅಲ್ಲಿ ಕಾಗದದ ಸ್ಟಿಕರ್ ಅಂಟಿಕೊಂಡಿರುತ್ತದೆ, ಅದನ್ನು ಅಂಟು ಸಮೇತ ಕೀಳಬೇಕು. ಟ್ಯೂಬ್‌ಲೆಸ್ ಟೈರಿಗೆ ಟ್ಯೂಬ್ ಹಾಕಿದ ಮೇಲೆ ಕಾರಣವೇ ಗೊತ್ತಾಗದೆ ಆಗುವ ಪಂಕ್ಚರ್‌ಗೆ ಎಷ್ಟೋ ಸಲ ಮೂಲ ಈ ಸ್ಟಿಕರ್‌ನ ಅಂಚು. ಆಮೇಲೆ ಟಾಲ್ಕ್ ಪುಡಿ ತೆಳ್ಳಗೆ ಸವರಿ, ಟ್ಯೂಬ್ ಗುಂಡಗಾಗುವಷ್ಟೇ ಗಾಳಿ ತುಂಬಿ ಒಳಗಿಡಿ. ಬೀಡ್‌ಗೆ ಸಾಬೂನು ನೀರು. ಬೀಡ್ ಕೂರಿಸಲು 40 ಪಿಎಸ್‌ಐ ಮೀರಬೇಡಿ. ಕೂತ ಮೇಲೆ ವಾಲ್ವ್ ಪಿನ್ ತೆಗೆದು ಪೂರ್ತಿ ಗಾಳಿ ಬಿಟ್ಟು ಮತ್ತೆ ತುಂಬಿ. ಮೊದಲ ಸಲ ಮಡಿಚಿಕೊಂಡಿದ್ದ ಟ್ಯೂಬ್ ಆಗ ಬಿಡಿಸಿಕೊಳ್ಳುತ್ತದೆ. ಬೀಡ್ ಪಕ್ಕ ಟೈರಿನ ಮೇಲೆ ಒಂದು ತೆಳು ಗೆರೆ ಅಚ್ಚಾಗಿರುತ್ತದೆ. ಡಿಸ್ಕ್ ಅಂಚಿನಿಂದ ಅದು ಸುತ್ತಲೂ ಒಂದೇ ದೂರದಲ್ಲಿ ಕಂಡರೆ ಟೈರ್ ನೆಟ್ಟಗೆ ಕೂತಿದೆ.

ಬ್ಯಾಲೆನ್ಸಿಂಗ್‌ನಲ್ಲಿ ಬೀಟಲ್ ತಕರಾರು ಮಾಡುತ್ತದೆ. ಹಳೇ ಬೀಟಲ್‌ನ ಐದು ಬೋಲ್ಟ್‌ಗಳು 205 ಮಿ.ಮೀ. ವೃತ್ತದಲ್ಲಿವೆ, ಮಧ್ಯದ ತೂತೂ ತುಂಬಾ ದೊಡ್ಡದು, ಯಂತ್ರಕ್ಕೆ ಚಕ್ರ ಕೂರಿಸುವ ಮಾಮೂಲಿ ಕೋನ್ ಅದಕ್ಕೆ ಸಾಲದು. ಬೋಲ್ಟ್ ತೂತುಗಳಿಂದ ಹಿಡಿಯುವ ಪ್ಲೇಟ್ ಇರುವ ಅಂಗಡಿಯನ್ನೇ ಹುಡುಕಬೇಕು. ಮಧ್ಯದ ತೂತು ಓರೆಕೋರೆ ಇರುವ ಯಾವ ಹಳೇ ಡಿಸ್ಕಿಗೂ ಇದು ಅನ್ವಯಿಸುತ್ತದೆ.

ಚಕ್ರ ಹಾಕಿದ ಮೇಲೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಹಿಂದೆ ನಾಲ್ಕು ಜನ ಕೂತು, ಮಡ್‌ಗಾರ್ಡ್‌ಗೆ ಕನಿಷ್ಠ 10 ಮಿ.ಮೀ. ಬಿಡುವಿದೆಯೇ ನೋಡಿ. ನೈಲಾನ್‌ನಿಂದ ರೇಡಿಯಲ್‌ಗೆ ಬಂದಿದ್ದರೆ ಟೋ-ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಕ್ಕೆ ತಿರುಗಿರುವ ಅಳತೆ) ಮತ್ತೆ ಹೊಂದಿಸಬೇಕು, ಸಾಮಾನ್ಯವಾಗಿ ಮೊದಲಿಗಿಂತ ಕಡಿಮೆ ಸಾಕು.

ಗಾಳಿ ಎಷ್ಟು

ಎಲ್ಲ ಕಾರಿಗೂ 30 ಎಂದು ತುಂಬುವುದು ಪಂಕ್ಚರ್ ಅಂಗಡಿಯ ವಾಡಿಕೆ. ಬೀಟಲ್‌ನಲ್ಲಿ ಎಂಜಿನ್ ಹಿಂದಿದೆ, ಕ್ರಾಸ್‌ಪ್ಲೈಗೆ ಮುಂದೆ 16, ಹಿಂದೆ 24 ಪಿಎಸ್‌ಐ ಅದರ ಹಳೇ ಲೆಕ್ಕ. ರೇಡಿಯಲ್‌ಗೆ 18, 27. ಮುಂದೆ ಹಿಂದೆ ಸಮ ಮಾಡಿದರೆ ತಿರುವಿನಲ್ಲಿ ಬಾಲ ಬೀಸುತ್ತದೆ. ಕಾರಿನ ಕೈಪಿಡಿಯ ಅಂಕೆ ಮೂಲ ಟೈರಿನದ್ದು. ರೇಡಿಯಲ್ ಹಾಕಿದ ಅಂಬಾಸಿಡರ್, ಪದ್ಮಿನಿಯಲ್ಲಿ 26ರಿಂದ 28ರಲ್ಲಿ ಶುರು ಮಾಡಿ. ತಣ್ಣಗಿರುವಾಗ ಅಳೆದು, ಅರ್ಧ ಗಂಟೆ ಓಡಿಸಿ ಕೂಡಲೇ ಮತ್ತೆ ಅಳೆಯಿರಿ. 4 ಪಿಎಸ್‌ಐಗಿಂತ ಹೆಚ್ಚು ಏರಿದ್ದರೆ ಗಾಳಿ ಕಡಿಮೆಯಾಗಿ ಟೈರ್ ಬಿಸಿಯಾಗುತ್ತಿದೆ, ಎರಡು ಪಾಯಿಂಟ್ ಹೆಚ್ಚಿಸಿ. ಏರಿದ್ದೇ ಇಲ್ಲ ಎನ್ನುವಂತಿದ್ದರೆ ಒಂದೆರಡು ಇಳಿಸಿ.

ಮೊದಲ 150 ಕಿಲೋಮೀಟರ್ ನಿಧಾನಕ್ಕೆ ಓಡಿಸಿ, ಹೊಸ ಟೈರಿನ ಮೇಲೆ ಅಚ್ಚಿನ ಜಾರುಪದರ ಉಳಿದಿರುತ್ತದೆ. ನಡುವೆ 50 ಕಿಲೋಮೀಟರ್ ಆದಾಗ ವೀಲ್ ನಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿ. ಡಿಸ್ಕಿಗೆ ಹೊಸದಾಗಿ ಬಣ್ಣ ಹೊಡೆಸಿದ್ದರೆ ನಟ್ ಕೆಳಗಿನ ಬಣ್ಣ ಒತ್ತಿಹೋಗಿ ಅವು ಸಡಿಲಾಗಿರುವ ಸಾಧ್ಯತೆ ಹೆಚ್ಚು.