ಓದುಮೂಲೆಯ ಪುಸ್ತಕದಲ್ಲಿ ಯಾರಿದ್ದಾರೆ?

ತರಗತಿಯ ಓದುಮೂಲೆಗೆ ಹೊಸ ಪುಸ್ತಕ ಕೊಳ್ಳುವ ಮೊದಲು ಬೀರುವಿನಲ್ಲಿ ಇರುವವನ್ನೆಲ್ಲ ಹೊರಗೆ ಹರವಿ, ಒಳಗೆ ಯಾರ್ಯಾರು ಇದ್ದಾರೆ ಅಂತ ಎಣಿಸುತ್ತೇನೆ. ಹಾಳೆಯಲ್ಲಿ ಐದು ಕಲಂ: ಮುಖ್ಯ ಪಾತ್ರದ ಹೆಸರು, ಮನೆ ಎಂಥದ್ದು, ಅಪ್ಪ-ಅಮ್ಮನ ಕೆಲಸ, ತಟ್ಟೆಯಲ್ಲಿ ಏನಿದೆ, ಕೊನೆಗೆ ತೊಡಕು ಬಿಡಿಸುವವರು ಯಾರು. ಮೂವತ್ತು ಪುಸ್ತಕ ಮುಗಿಯುವಷ್ಟರಲ್ಲಿ ಗೊತ್ತಾಗುತ್ತದೆ. ರಾಜ, ಮಂತ್ರಿ, ಜಾಣ ನರಿ, ರಜೆಗೆ ಅಜ್ಜಿ ಮನೆಗೆ ಹೋಗುವ ಪೇಟೆ ಹುಡುಗ, ಇವರೇ ತುಂಬಿರುತ್ತಾರೆ. ಮೀನು ಮಾರುವ ಅಮ್ಮ, ಆಟೊ ಓಡಿಸುವ ಅಪ್ಪ, ತಾಂಡಾದ ಮನೆ, ಮೊಟ್ಟೆಸಾರು ಹುಡುಕಿದರೂ ಸಿಗುವುದಿಲ್ಲ. ಕೊನೆಯ ಕಲಂ ಬಿಡಬೇಡಿ. ಗಾಲಿಕುರ್ಚಿಯ ಹುಡುಗಿ ಇದ್ದಾಳೆ, ಉಳಿದವರು ಸಹಾಯ ಮಾಡಿ ಒಳ್ಳೆಯವರು ಅನ್ನಿಸಿಕೊಳ್ಳಲಿ ಅಂತಷ್ಟೇ ಇದ್ದಾಳೆ. ಸಲೀಮ ಇದ್ದಾನೆ, ರಂಜಾನಿನ ಪುಟದಲ್ಲಿ ಮಾತ್ರ. ಅಂಥವನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಕ್ಕಳಿಗೆ ಪುಸ್ತಕ ತಮ್ಮನ್ನೇ ತೋರಿಸುವ ಕನ್ನಡಿಯೂ ಆಗಬೇಕು, ಬೇರೆಯವರ ಬದುಕು ತೋರಿಸುವ ಕಿಟಕಿಯೂ ಆಗಬೇಕು ಅಂತ ಅಮೆರಿಕದ ಮಕ್ಕಳ ಸಾಹಿತ್ಯದ ವಿದ್ವಾಂಸೆ ರುಡೀನ್ ಸಿಮ್ಸ್ ಬಿಷಪ್ 1990ರಲ್ಲಿ ಬರೆದರು. ತರಗತಿಯಲ್ಲಿ ಎಡವುವುದು ಕನ್ನಡಿಯ ವಿಷಯದಲ್ಲೇ. ‘ಇದು ನಿನ್ನಂಥವರ ಕತೆ’ ಅಂತ ಎಲ್ಲರೆದುರು ಒಬ್ಬಳ ಕೈಗೆ ಕೊಟ್ಟರೆ ಆ ಪುಸ್ತಕದ ಕತೆ ಅಲ್ಲಿಗೇ ಮುಗಿಯಿತು. ರಾಶಿಯಲ್ಲಿ ಇರಲಿ, ಅವಳೇ ಎತ್ತಿಕೊಳ್ಳಲಿ. ಇನ್ನೊಂದು, ದಲಿತ ಮಗು ಬರುವ ಕತೆಯೆಲ್ಲ ಅವಮಾನದ ಕತೆಯೇ ಆಗಬಾರದು. ಕಳೆದ ಸೈಕಲ್ ಹುಡುಕುವ, ಕ್ರಿಕೆಟ್‌ನಲ್ಲಿ ಸೊನ್ನೆಗೆ ಔಟಾಗುವ ಕತೆಯಲ್ಲೂ ಆ ಮಗು ಇರಬೇಕು.

35 ಮಕ್ಕಳಿಗೆ 100ರಿಂದ 120 ಪುಸ್ತಕ ಸಾಕು. ಅದರಲ್ಲಿ ಕಾಲುಭಾಗ ವಿಜ್ಞಾನ, ಪ್ರಾಣಿ, ಯಂತ್ರ, ಆಟದ ಪುಸ್ತಕ. ಕತೆ ಬೇಡವೆನ್ನುವ ಹುಡುಗರು ಇಲ್ಲೇ ಕೂರುತ್ತಾರೆ. ಐದಾರು ಪುಸ್ತಕ ಎರಡೆರಡು ಪ್ರತಿ ಇರಲಿ, ಜೋಡಿ ಓದಿಗೆ.

ಇನ್ನು ಭಾಷೆ, ಇದೇ ದೊಡ್ಡ ತಲೆನೋವು. ನಡುಪುಟ ತೆರೆದು ಮಗುವಿನಿಂದ ಓದಿಸಿ, ತಡೆದಲ್ಲೆಲ್ಲ ಒಂದು ಬೆರಳು ಮಡಚಲು ಹೇಳಿ. ಐದೂ ಮಡಚಿದರೆ ಪುಸ್ತಕ ಈಗ ಬೇಡ. ಆದರೆ ತಡೆದದ್ದು ಯಾಕೆಂದು ನೋಡಬೇಕು. ‘ರಾಷ್ಟ್ರ’ದ ಒತ್ತಕ್ಷರಕ್ಕೆ ನಿಂತ ಮಗುವಿಗೆ ಅರ್ಥ ಗೊತ್ತಿರುತ್ತದೆ; ದಪ್ಪಕ್ಷರದ, ಸಾಲು ಬಿಡಿಬಿಡಿಯಾಗಿರುವ ಪುಸ್ತಕ ಕೊಟ್ಟರೆ ಓಡುತ್ತದೆ. ಸರಾಗ ಓದಿಯೂ ಏನೂ ಹೇಳಲಾಗದ ಮಗುವಿಗೆ ಆಡುಮಾತಿಗೆ ಹತ್ತಿರವಾದದ್ದು ಬೇಕು. ಧಾರವಾಡದ ಕಡೆಯ ಮಗುವಿಗೆ ಒಂದು ಪಾತ್ರ ‘ಏನ್ ಮಾಡಾಕತ್ತಿ’ ಅಂದರೆ ಸಾಕು, ಪುಟ ತಿರುಗುತ್ತದೆ. ಅನುವಾದವನ್ನು ಕೊಳ್ಳುವ ಮೊದಲು ಒಂದು ಪುಟ ಗಟ್ಟಿಯಾಗಿ ಓದಿ ನೋಡಿ. ‘ತಿನ್ನಲ್ಪಟ್ಟಿತು’, ‘ಕೊಡಲ್ಪಟ್ಟಿತು’ ಎರಡು ಸಲ ಬಂತೋ, ವಾಪಸ್ ಇಡಿ.

ದುಡ್ಡಿಲ್ಲದಿದ್ದರೆ ಪ್ರಥಮ್ ಬುಕ್ಸ್ ಪ್ರಕಾಶನದ ಸ್ಟೋರಿವೀವರ್ ಜಾಲತಾಣ ಇದೆ. ಕತೆಗಳು ಮುಕ್ತ ಪರವಾನಗಿಯವು, ಮುದ್ರಿಸಿಕೊಳ್ಳಬಹುದು. ಓದಿನ ನಾಲ್ಕು ಹಂತಗಳಿವೆ: ಮೂರನೆಯದರಲ್ಲಿ ಸುಮಾರು 1,500 ಪದದವರೆಗೆ, ನಾಲ್ಕನೆಯದರಲ್ಲಿ ಅದಕ್ಕೂ ಹೆಚ್ಚು. ಪಿಡಿಎಫ್ ಇಳಿಸಿಕೊಂಡು ಪ್ರಿಂಟ್ ಕೊಡುವಾಗ ‘ಬುಕ್‌ಲೆಟ್’ ಆರಿಸಿ, ಎರಡೂ ಬದಿ, ಚಿಕ್ಕ ಅಂಚಿನ ಮೇಲೆ ಮಗುಚುವಂತೆ. ಉದ್ದ ಅಂಚು ಆರಿಸಿದರೆ ಹಿಂಬದಿ ತಲೆಕೆಳಗಾಗಿ ಬರುತ್ತದೆ. ಎ4 ಹಾಳೆ ಒಂದಕ್ಕೆ ನಾಲ್ಕು ಪುಟ. 19 ಪುಟವಾದರೆ 5 ಹಾಳೆ, ಒಂದು ಪುಟ ಖಾಲಿ. ಕೊನೆಯಲ್ಲಿರುವ ಲೇಖಕ, ಚಿತ್ರಕಾರರ ಹೆಸರಿನ ಪುಟ ಕಿತ್ತುಹಾಕಬೇಡಿ, ಪರವಾನಗಿಯ ಷರತ್ತೇ ಅದು. ಕಪ್ಪು-ಬಿಳುಪು ಮಾಡಿಸುವುದಾದರೆ ಗೆರೆಚಿತ್ರದ ಕತೆ ಆರಿಸಿ. ಬಣ್ಣದ ಚಿತ್ರಗಳು ಮಸಿಯಾಗುತ್ತವೆ. ಪಿನ್ನು ಕರಾವಳಿಯ ಮಳೆಗೆ ತುಕ್ಕು ಹಿಡಿದು ಹಾಳೆ ತಿನ್ನುತ್ತದೆ. ಮಡಿಕೆಯಲ್ಲಿ ದಬ್ಬಣದಿಂದ ಮೂರು ತೂತು ಮಾಡಿ ದಪ್ಪ ನೂಲಲ್ಲಿ ಹೊಲಿಯಿರಿ, ಗಂಟು ಒಳಗಡೆ ಬರಲಿ.

ಖಾಕಿ ಕಾಗದದ ಹೊದಿಕೆ ಹಾಕಬೇಡಿ, ಎಲ್ಲ ಪುಸ್ತಕವೂ ನೋಟ್‌ಬುಕ್ಕಿನ ಹಾಗೆ ಕಾಣುತ್ತದೆ. ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ, ಮುಖಪುಟ ಕಾಣುವಂತೆ ನೇತುಹಾಕಿ. ಓದಿನ ಹಂತ ತೋರಿಸುವ ಬಣ್ಣದ ಚುಕ್ಕೆ ಹೊರಗಡೆ ಬೇಡ, ಹಿಂಬದಿಯ ಒಳಗಿರಲಿ. ಏಳನೇ ತರಗತಿಯ ಹುಡುಗ ‘ಚಿಕ್ಕವರ ಚುಕ್ಕೆ’ ಇರುವುದನ್ನು ಹಸಿವಾದರೂ ಮುಟ್ಟುವುದಿಲ್ಲ.

ಎರಡು ತಿಂಗಳು ಯಾರೂ ಒಯ್ಯದ ಪುಸ್ತಕದ ಮೊದಲೆರಡು ಪುಟ ನಾನೇ ಗಟ್ಟಿಯಾಗಿ ಓದಿ, ಬಿಗಿಯಾದ ಜಾಗದಲ್ಲಿ ನಿಲ್ಲಿಸುತ್ತೇನೆ. ವಾರದಲ್ಲಿ ಯಾರೂ ಕೇಳದಿದ್ದರೆ ಪಕ್ಕದ ಶಾಲೆಯ ಪುಸ್ತಕದೊಂದಿಗೆ ಅದಲುಬದಲು.